ಕೂಗು ಕೇಳಬೇಕು, ಕಲ್ಲು ತಲುಪಬಾರದು

2025ರ ಸೆಪ್ಟೆಂಬರ್ 13ರ ಲಂಡನ್ ವಲಸೆ ವಿರೋಧಿ ಮೆರವಣಿಗೆ ಟಿವಿಯಲ್ಲಿ ಬಂದ ಮೇಲೆ ಊರಿಂದ ಸಾಲುಸಾಲು ಫೋನು. ಹಾಸನದ ನೆಂಟರೆಲ್ಲ ಕೇಳಿದ್ದು, "ಮಗಳು, ಅಳಿಯ ಹುಷಾರಾಗಿದ್ದಾರಾ?" ಅಂತ. ನನ್ನ ಜೊತೆ ಕೆಲಸ ಮಾಡಿದವರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬಂದ ಮೊದಲ ಪ್ರಶ್ನೆ, "ಸಾರ್, ಫೋರ್ಸ್ ಎಷ್ಟು ಹಾಕಿದ್ರು?"

ಪೊಲೀಸರ ಬುದ್ಧಿ ಹೋಗೋದೇ ಅಲ್ಲಿಗೆ. ಅವರಿಗೆಲ್ಲ ಒಂದೊಂದು ಮೆಸೇಜ್ ಹಾಕಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ ಆಗಿ ರಿಟೈರ್ ಆದವನು. ಸರ್ವಿಸ್‌ನ ಅರ್ಧ ಬಂದೋಬಸ್ತಿನಲ್ಲೇ ಕಳೆಯಿತು. ಗಣೇಶ, ಈದ್ ಮಿಲಾದ್, ಕಾವೇರಿ ಗಲಾಟೆ, ಬಂದ್, ಎಲೆಕ್ಷನ್, ಮಂತ್ರಿಗಳ ಪ್ರವಾಸ. ಮಗಳು ಪೂರ್ವ ಲಂಡನ್‌ನ ಗ್ಯಾಂಟ್ಸ್ ಹಿಲ್ ಹತ್ತಿರ ಇದ್ದಾಳೆ. ಆಸ್ಪತ್ರೆಯಲ್ಲಿ ನರ್ಸ್. ಮೊಮ್ಮಗನನ್ನು ನೋಡಿಕೊಂಡು ಹೋಗೋಣ ಅಂತ ನಾನೂ ನಮ್ಮ ಮನೆಯವಳೂ ಬೇಸಿಗೆಗೆ ಬಂದಿದ್ದೆವು. ಬಂದ ದಿನದಿಂದ ಟಿವಿ ತುಂಬ ಒಂದೇ ಸುದ್ದಿ. ಸಣ್ಣ ದೋಣಿಗಳಲ್ಲಿ ಸಮುದ್ರ ದಾಟಿ ಬರುವವರು, ಅವರನ್ನು ಇಟ್ಟಿರುವ ಹೋಟೆಲ್‌ಗಳು, ಹೋಟೆಲ್ ಮುಂದೆ ಜನ. 2025ರ ಜೂನ್ ಹೊತ್ತಿಗೆ ಸುಮಾರು 32,000 ಮಂದಿ ಆಶ್ರಯ ಕೋರಿದವರು ಹೀಗೆ ಸರ್ಕಾರದ ಖರ್ಚಿನಲ್ಲಿ ಹೋಟೆಲ್‌ಗಳಲ್ಲಿದ್ದರು. ಅದು ಒಂದು ಕಡೆಯವರ ಸಿಟ್ಟು. ಆ ಸಿಟ್ಟು ಬಿಳಿಯರಲ್ಲದವರೆಲ್ಲರ ಮೇಲೆ ತಿರುಗುತ್ತಿದೆ ಅನ್ನೋದು ಇನ್ನೊಂದು ಕಡೆಯವರ ಸಿಟ್ಟು.

"ಅಪ್ಪ, ಶನಿವಾರ ಸಿಟಿ ಕಡೆ ಹೋಗ್ಬೇಡಿ" ಅಂದಳು ಮಗಳು. ನಾನು ವೀಸಾದಲ್ಲಿ ಬಂದವನು, ಅವಳು ಕೆಲಸದ ಮೇಲೆ ಬಂದವಳು, ದೋಣಿಯಲ್ಲಿ ಬಂದವರಲ್ಲ ಅಂತ ಗುಂಪಿನಲ್ಲಿ ಯಾರೂ ಪಾಸ್‌ಪೋರ್ಟ್ ತೆಗೆಸಿ ನೋಡೋದಿಲ್ಲವಲ್ಲ. ಅವಳ ಭಯ ನನಗೆ ಅರ್ಥವಾಗದೆ ಇಲ್ಲ. ನಮ್ಮ ಮನೆಯವಳು ಮಾತ್ರ, "ಬೇಡ ಅಂದ್ರೆ ನೀವು ಕೇಳೋರಲ್ಲ. ಹೋಗೋದಾದ್ರೆ ಪೊಲೀಸರ ಹಿಂದೆ ನಿಂತ್ಕೊಳ್ಳಿ, ಮುಂದೆ ಅಲ್ಲ" ಅಂದಳು. ಮೂವತ್ತು ವರ್ಷ ಪೊಲೀಸ್ ಕ್ವಾರ್ಟರ್ಸ್‌ನಲ್ಲಿ ಇದ್ದವಳು. ಅವಳಿಗೂ ಗೊತ್ತು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಗ್ರೂಪಿನವರಿಗೆ ಸಮಾಧಾನವಾಗಲಿ. ಒಂದು ಕಡೆ ಟಾಮಿ ರಾಬಿನ್ಸನ್ ಅನ್ನೋ ತೀವ್ರ ಬಲಪಂಥೀಯ ಮುಖಂಡ ಕರೆ ಕೊಟ್ಟ 'ಯುನೈಟ್ ದಿ ಕಿಂಗ್‌ಡಮ್' ಮೆರವಣಿಗೆ. ಪೊಲೀಸರ ಅಂದಾಜಿನಲ್ಲೇ 1,10,000ದಿಂದ 1,50,000 ಜನ. ಎದುರಿಗೆ 'ಸ್ಟ್ಯಾಂಡ್ ಅಪ್ ಟು ರೇಸಿಸಂ' ಅನ್ನೋ ವರ್ಣಭೇದ ವಿರೋಧಿ ಸಂಘಟನೆಯವರು, ಸುಮಾರು 5,000. ಪೊಲೀಸರು ಅವತ್ತು ಲಂಡನ್ ಪೂರ್ತಿಗೆ ಸುಮಾರು 1,600. ಅದರಲ್ಲಿ 500 ಮಂದಿ ಬೇರೆ ಜಿಲ್ಲೆಗಳ ಪಡೆಗಳಿಂದ ಬಂದವರು. ಅದೇ ದಿನ ಫುಟ್‌ಬಾಲ್ ಪಂದ್ಯಗಳೂ ಇದ್ದವು. ಮೆರವಣಿಗೆಯ ಜಾಗಕ್ಕೆ ಸಿಕ್ಕಿದ್ದು ಸಾವಿರದ ಆಸುಪಾಸು. ಅಂದರೆ ನೂರಕ್ಕೂ ಜಾಸ್ತಿ ಜನಕ್ಕೆ ಒಬ್ಬ ಪೊಲೀಸ್. ಕೈಯಲ್ಲಿ ಬಂದೂಕಿಲ್ಲ. ಅಶ್ರುವಾಯುವಿನ ರೂಢಿಯೂ ಇಲ್ಲಿಲ್ಲ. ಜಲಫಿರಂಗಿಯೂ ಇಲ್ಲ. 2014ರಲ್ಲಿ ಲಂಡನ್ ಮೇಯರ್ ಜರ್ಮನಿಯಿಂದ ಮೂರು ಹಳೇ ಜಲಫಿರಂಗಿ ಗಾಡಿ ಕೊಂಡು ತಂದಿದ್ದರಂತೆ. ಮರುವರ್ಷ ಗೃಹಮಂತ್ರಿ ಬಳಸೋಕೆ ಬಿಡಲಿಲ್ಲ. 2018ರಲ್ಲಿ ಗುಜರಿಗೆ ಹಾಕಿದರು. ಸರ್ಕಾರಿ ಖರೀದಿ ಅಂದರೆ ಎಲ್ಲ ಕಡೆಯೂ ಹೀಗೇ ಅನಿಸುತ್ತೆ.

ಈಗ ಜಾಗ. ವೈಟ್‌ಹಾಲ್ ಅನ್ನೋದು ಒಂದು ಅಗಲವಾದ ರಸ್ತೆ. ಒಂದು ತುದಿಗೆ ಟ್ರಫಾಲ್ಗರ್ ಸ್ಕ್ವೇರ್, ಇನ್ನೊಂದು ತುದಿಗೆ ಪಾರ್ಲಿಮೆಂಟ್. ಮಧ್ಯದಲ್ಲಿ ಪ್ರಧಾನಿ ಮನೆ ಇರುವ ಡೌನಿಂಗ್ ಸ್ಟ್ರೀಟ್. ಉದ್ದ ಮುಕ್ಕಾಲು ಕಿಲೋಮೀಟರೂ ಇಲ್ಲ. ಎರಡೂ ಗುಂಪಿಗೂ ಇದೇ ರಸ್ತೆ ಬೇಕು, ಇಬ್ಬರಿಗೂ ಕೂಗಬೇಕಾದ್ದು ಅದೇ ಮನೆಯ ಮುಂದೆ. ಪೊಲೀಸರ ಯೋಜನೆ ಹೀಗಿತ್ತು: ದೊಡ್ಡ ಗುಂಪು ನದಿಯ ಆಚೆ ವಾಟರ್‌ಲೂ ಕಡೆ ಸೇರಿ, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ದಕ್ಷಿಣದ ತುದಿಯಿಂದ ಬರಬೇಕು. ಚಿಕ್ಕ ಗುಂಪು ರಸೆಲ್ ಸ್ಕ್ವೇರ್‌ನಿಂದ ಹೊರಟು ಉತ್ತರದ ತುದಿಗೆ ಬರಬೇಕು. ಮಧ್ಯದಲ್ಲಿ ಬ್ಯಾರಿಕೇಡ್ ಹಾಕಿ ಯಾರೂ ಕಾಲಿಡದ ಖಾಲಿ ರಸ್ತೆ.

ಕಾಗದದ ಮೇಲೆ ಚೆನ್ನಾಗಿದೆ. ನಾನು ಇದ್ದಿದ್ದರೂ ಹಾಗೇ ಪಾಯಿಂಟ್ ಹಾಕುತ್ತಿದ್ದೆ. ನಮ್ಮ ಕಾಲದ ಒಬ್ಬ ಇನ್‌ಸ್ಪೆಕ್ಟರ್, ಮೆರವಣಿಗೆ ಬಂದೋಬಸ್ತ್ ಇದ್ದ ಬೆಳಗ್ಗೆಯೆಲ್ಲ ರೋಲ್‌ಕಾಲ್‌ನಲ್ಲಿ ಒಂದೇ ಮಾತು ಹೇಳೋರು. "ಕೂಗು ಕೇಳಬೇಕು ಕಣ್ರಯ್ಯಾ, ಕಲ್ಲು ತಲುಪಬಾರದು. ಅಷ್ಟು ದೂರ ಇಟ್ರೆ ಗೆದ್ರಿ." ಒಂದು ಗುಂಪನ್ನು ಊರಾಚೆ ಮೈದಾನಕ್ಕೆ ಅಟ್ಟಿದರೆ ಅವರಿಗೆ ಬಂದದ್ದು ವ್ಯರ್ಥ ಅನಿಸುತ್ತೆ. ಗಲ್ಲಿಗಲ್ಲಿಯಲ್ಲಿ ನುಗ್ಗಿ ಬರುತ್ತಾರೆ. ತೀರಾ ಹತ್ತಿರ ಬಿಟ್ಟರೆ ಒಂದು ಚಪ್ಪಲಿ ಸಾಕು. ಈ ಎರಡರ ನಡುವಿನ ದೂರ ಕಂಡುಹಿಡಿಯೋದೇ ಬಂದೋಬಸ್ತು. ಮಿಕ್ಕಿದ್ದೆಲ್ಲ ಊಟದ ಪೊಟ್ಟಣದ ವ್ಯವಸ್ಥೆ.

ಟಾಟೆನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಟ್ಯೂಬ್ ರೈಲು ಇಳಿದು ಚೇರಿಂಗ್ ಕ್ರಾಸ್ ರೋಡ್ ಹಿಡಿದು ನಡೆದೆ. ಟ್ರಫಾಲ್ಗರ್ ಸ್ಕ್ವೇರ್ ಪಕ್ಕದ ಸೇಂಟ್ ಮಾರ್ಟಿನ್ಸ್ ಚರ್ಚಿನ ಮೆಟ್ಟಿಲ ಹತ್ತಿರ ನಿಂತರೆ ವೈಟ್‌ಹಾಲ್ ಕಡೆಯ ಪೊಲೀಸ್ ಸಾಲು ಕಾಣುತ್ತಿತ್ತು. ಮನೆಯವಳು ಹೇಳಿದ ಹಾಗೇ ಹಿಂದೆಯೇ ನಿಂತೆ. ನೋಡಿದ ತಕ್ಷಣ ಅನಿಸಿದ್ದು, ಇದು ಕೆಡುತ್ತದೆ ಅಂತ. ಬಿಳಿಯ ಮೇಲೆ ಕೆಂಪು ಶಿಲುಬೆಯ ಇಂಗ್ಲೆಂಡ್ ಬಾವುಟ ಹೊದ್ದವರು ಸೇತುವೆ ಕಡೆಯಿಂದ ಬರಬೇಕಿತ್ತು. ಅವರಲ್ಲಿ ಎಷ್ಟೋ ಜನ ಈ ಕಡೆ, ಉತ್ತರದಲ್ಲೇ ಓಡಾಡುತ್ತಿದ್ದರು. ಬೇಕಂತ ಬಂದವರು ಕೆಲವರಿರಬಹುದು. ಆದರೆ ಜಾಸ್ತಿ ಜನ ಜಾಗ ಸಾಲದೆ ಬಂದವರು. ಲಕ್ಷ ಜನ ವೈಟ್‌ಹಾಲ್‌ನ ಅರ್ಧ ರಸ್ತೆಯಲ್ಲಿ ಹಿಡಿಸೋದಿಲ್ಲ. ಬದು ಒಡೆದ ಗದ್ದೆಯ ನೀರಿನ ಹಾಗೆ ಪಕ್ಕದ ಎಂಬ್ಯಾಂಕ್‌ಮೆಂಟ್ ರಸ್ತೆಗೆ, ಹಾರ್ಸ್ ಗಾರ್ಡ್ಸ್ ಕಡೆಗೆ, ಅಡ್ಡಬೀದಿಗಳಿಗೆಲ್ಲ ಹರಿದರು. ಅಲ್ಲಿಗೆ ಮಧ್ಯದ ಖಾಲಿ ಜಾಗಕ್ಕೆ ಅರ್ಥವೇ ಉಳಿಯಲಿಲ್ಲ. ದಕ್ಷಿಣ ಉತ್ತರ ಅಂತ ಮಾಡಿದ್ದ ಲೆಕ್ಕ ಹೋಗಿ, 5,000 ಜನರ ಸುತ್ತ ಎಲ್ಲ ದಿಕ್ಕಿನಲ್ಲೂ ಎದುರು ಗುಂಪು ಅಂತಾಯಿತು.

ಸಂಜೆ ಪೊಲೀಸರು ಕೊಟ್ಟ ಹೇಳಿಕೆಯಲ್ಲೂ ಇದೇ ಇತ್ತು. ಬಂದ ಜನ ವೈಟ್‌ಹಾಲ್‌ನಲ್ಲಿ ಹಿಡಿಸದಷ್ಟಾಯಿತು, ಖಾಲಿ ಬಿಟ್ಟ ಜಾಗಕ್ಕೆ ನುಗ್ಗೋರನ್ನು ಹಲವು ಕಡೆ ತಡೆಯಬೇಕಾಯಿತು ಅಂತ.

ಆ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ನೋಡಿದಾಗ ಎಲ್ಲರೂ ಟೋಪಿಯಲ್ಲಿದ್ದರು. ಗಲಾಟೆಗೆ ಹಾಕುವ ದಪ್ಪ ಹೆಲ್ಮೆಟ್ ಸೊಂಟದಲ್ಲಿ ನೇತಾಡುತ್ತಿತ್ತು. ತಿಳಿನೀಲಿ ಮೇಲಂಗಿ ಹಾಕಿದ ಇಬ್ಬರು ಗುಂಪಿನ ಮಧ್ಯೆಯೇ ಓಡಾಡಿಕೊಂಡು ಮಾತಾಡಿಸುತ್ತಿದ್ದರು. ಅವರಿಗೆ ಹಿಡಿಯೋ ಕೆಲಸ ಇಲ್ಲ, ಮಾತಾಡೋದೇ ಡ್ಯೂಟಿ. ನಮ್ಮಲ್ಲಿ ಶಾಂತಿ ಸಭೆ ಮಾಡಿ, ಎರಡೂ ಕಡೆ ಹಿರಿಯರನ್ನು ಸ್ಟೇಷನ್ನಿಗೆ ಕರೆಸಿ, ಕಾಫಿ ಕೊಟ್ಟು ಹೇಳ್ತೀವಲ್ಲ, ಅದನ್ನು ಇವರು ರಸ್ತೆಯಲ್ಲಿ ನಿಂತೇ ಮಾಡ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ ಬಂತು. ಆಮೇಲೆ ಬಿಯರ್ ಕ್ಯಾನು. ಸಾಲಿನ ಹಿಂದೆ ನಿಂತಿದ್ದ ಇನ್‌ಸ್ಪೆಕ್ಟರ್ ರೇಡಿಯೋದಲ್ಲಿ ಏನೋ ಕೇಳಿಸಿಕೊಂಡು ಕೈ ಎತ್ತಿ ತಲೆ ಮುಟ್ಟಿ ತೋರಿಸಿದ. ಎಲ್ಲರೂ ಟೋಪಿ ತೆಗೆದು ಹೆಲ್ಮೆಟ್ ಹಾಕಿಕೊಂಡರು.

ಆ ಒಂದು ಕ್ಷಣ ನೋಡಬೇಕು. ಅಲ್ಲಿವರೆಗೆ ಪೊಲೀಸರ ಜೊತೆ ಸೆಲ್ಫಿ ತಗೋತಿದ್ದವರೂ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಹಿಂದಿದ್ದವರು ಎರಡು ಹೆಜ್ಜೆ ಮುಂದೆ ಬಂದರು. ಹೆಲ್ಮೆಟ್ ಹಾಕೋದು ಪೊಲೀಸರ ತಲೆ ಉಳಿಸೋಕೆ. ಆದರೆ ಎದುರಿನವನಿಗೆ ಅದು "ಈಗ ಶುರು" ಅಂತ ಕೇಳಿಸುತ್ತೆ. ಬೇಗ ಹಾಕಿದರೆ ಗಲಾಟೆ ಕರೆದ ಹಾಗೆ, ತಡವಾಗಿ ಹಾಕಿದರೆ ಹುಡುಗರ ಹಲ್ಲು ಹೋಗುತ್ತೆ. ಹಲ್ಲು ಹೋಯಿತು ಕೂಡ. ಅವತ್ತು 26 ಪೊಲೀಸರಿಗೆ ಗಾಯ. ನಾಲ್ವರಿಗೆ ಗಂಭೀರ. ಹಲ್ಲು ಮುರಿದವರು, ತಲೆಗೆ ಪೆಟ್ಟು ಬಿದ್ದವರು, ಬೆನ್ನಿನ ಡಿಸ್ಕ್ ಜರುಗಿದವರು. ಒದೆ, ಗುದ್ದು, ಬಾಟಲಿ, ಹೊಗೆಪಟಾಕಿ ಎಲ್ಲ ಬಿತ್ತು. ಪೊಲೀಸ್ ಕುದುರೆಗೂ ಬಾಟಲಿ ಬಿತ್ತು. ಚಿಕ್ಕ ಗುಂಪಿನವರು ಗಂಟೆಗಟ್ಟಲೆ ವೈಟ್‌ಹಾಲ್‌ನಲ್ಲೇ ಸಿಕ್ಕಿಕೊಂಡಿದ್ದರು. ಕೊನೆಗೆ ಪೊಲೀಸರೇ ಸುತ್ತುಗಟ್ಟಿ ಹೊರಗೆ ಕಳಿಸಿದರು.

ಕುದುರೆ ಬರೋ ಹೊತ್ತಿಗೆ ನಾನು ಹೊರಟಿದ್ದೆ. "ಅವರನ್ನು ವಾಪಸ್ ಕಳಿಸಿ" ಅನ್ನೋ ಘೋಷಣೆ ಒಂದು ಗುಂಪು ರಾಗವಾಗಿ ಕೂಗುತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ, ನನ್ನಷ್ಟೇ ವಯಸ್ಸಿನ ಒಬ್ಬ ಇಂಗ್ಲಿಷ್ ಮನುಷ್ಯ ಹೆಗಲ ಮೇಲೆ ಬಾವುಟ ಹಾಕಿಕೊಂಡು ಮಂಡಿ ಹಿಡಿದುಕೊಂಡಿದ್ದ. ನಾನು ಮೆಟ್ಟಿಲ ಮೇಲೆ ಜಾಗ ಬಿಟ್ಟೆ. ಕೂತುಕೊಂಡು ಥ್ಯಾಂಕ್ಯೂ ಅಂದ. ಅವನೂ ಕೂಗುತ್ತಿದ್ದನಾ ಅಂತ ನಾನು ನೋಡೋಕೆ ಹೋಗಲಿಲ್ಲ.

ಅಳಿಯ ಮನೆಯಲ್ಲಿ ಕೇಳಿದರು: "ಮಾವ, ಇಷ್ಟು ಗೊತ್ತಿದ್ದೂ ಇವರು ಯಾಕೆ ಪರ್ಮಿಷನ್ ಕೊಡ್ತಾರೆ?"

ಪರ್ಮಿಷನ್ ಅನ್ನೋದೇ ಇಲ್ಲಿಲ್ಲ. ಇದು ನನಗೂ ಹೊಸದಾಗಿ ಕಂಡ ವಿಷಯ. ಮೆರವಣಿಗೆಯಾದರೆ ಆರು ದಿನ ಮುಂಚೆ ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು, ಅಷ್ಟೇ. ಒಂದೇ ಕಡೆ ನಿಂತು ಕೂಗೋದಕ್ಕೆ ಅದೂ ಬೇಡ. 1986ರ ಪಬ್ಲಿಕ್ ಆರ್ಡರ್ ಆ್ಯಕ್ಟ್ ಪ್ರಕಾರ ಪೊಲೀಸರು ಷರತ್ತು ಹಾಕಬಹುದು: ಈ ದಾರಿಯಲ್ಲೇ ಹೋಗಿ, ಇಷ್ಟು ಗಂಟೆಗೆ ಮುಗಿಸಿ ಅಂತ. ಪೂರ್ತಿ ನಿಷೇಧ ಬೇಕಾದರೆ ಗೃಹಮಂತ್ರಿಯ ಒಪ್ಪಿಗೆ ಬೇಕು. ಅದೂ ನಡೆಯುವ ಮೆರವಣಿಗೆಗೆ ಮಾತ್ರ. ನಿಂತು ಮಾಡುವ ಸಭೆಯನ್ನು ಆ ಸೆಕ್ಷನ್‌ನಲ್ಲಿ ನಿಷೇಧಿಸೋಕೆ ಬರೋದಿಲ್ಲ.

2011ರಲ್ಲಿ ಒಮ್ಮೆ ಹೀಗೆ ಮಾಡಿ ನೋಡಿದ್ದಾರೆ. ಇಂಗ್ಲಿಷ್ ಡಿಫೆನ್ಸ್ ಲೀಗ್ ಅನ್ನೋ ಗುಂಪು ಬಾಂಗ್ಲಾ ಮುಸ್ಲಿಮರು ಜಾಸ್ತಿ ಇರುವ ಪೂರ್ವ ಲಂಡನ್‌ನ ಟವರ್ ಹ್ಯಾಮ್ಲೆಟ್ಸ್‌ಗೆ ಮೆರವಣಿಗೆ ಹೊರಟಿತ್ತು. ಆಗಿನ ಗೃಹಮಂತ್ರಿ ತೆರೇಸಾ ಮೇ ಅಲ್ಲೂ ಅಕ್ಕಪಕ್ಕದ ನಾಲ್ಕು ಬರೋಗಳಲ್ಲೂ (ನಗರದ ಆಡಳಿತ ವಿಭಾಗ) 30 ದಿನ ಮೆರವಣಿಗೆ ನಿಷೇಧಕ್ಕೆ ಒಪ್ಪಿದರು. ಕಾನೂನಿನಲ್ಲಿ ಒಂದೇ ಗುಂಪಿನ ಹೆಸರು ಹಿಡಿದು ನಿಷೇಧಿಸೋ ಹಾಗಿಲ್ಲ. ಹಾಗಾಗಿ ಎದುರು ಗುಂಪಿನ ಮೆರವಣಿಗೆಯೂ ಹೋಯಿತು, ಇದಕ್ಕೆ ಸಂಬಂಧವೇ ಇಲ್ಲದವರ ಮೆರವಣಿಗೆಯೂ ಹೋಯಿತು. ಆ ಲೀಗಿನವರು ಆಲ್ಡ್‌ಗೇಟ್‌ನಲ್ಲಿ ನಿಂತೇ ಸಭೆ ಮಾಡಿಕೊಂಡು ಹೋದರು.

ನಮ್ಮಲ್ಲಾದರೆ 144 ಹಾಕಿ ಮುಗಿಸುತ್ತಿದ್ದೆವು. ಈಗ ಅದು ಹೊಸ ಕ್ರಿಮಿನಲ್ ಕಾನೂನು ಬಿಎನ್‌ಎಸ್‌ಎಸ್‌ನ 163. ನಂಬರ್ ಬದಲಾಗಿದೆ, ಜನ ಇನ್ನೂ 144 ಅಂತಲೇ ಅನ್ನೋದು. ಬೆಂಗಳೂರಿನಲ್ಲಿ 2021ರ ಆದೇಶ ಬಂದ ಮೇಲೆ ಪ್ರತಿಭಟನೆಗೆಲ್ಲ ಫ್ರೀಡಂ ಪಾರ್ಕೇ ಗತಿ. ಟ್ರಾಫಿಕ್ ದೃಷ್ಟಿಯಿಂದ ಒಳ್ಳೇದೇ. ಪೊಲೀಸರಿಗೂ ಆರಾಮ. ಆದರೆ ಜೈಲಿದ್ದ ಜಾಗದಲ್ಲಿ ನಾಲ್ಕು ಗೋಡೆ ಮಧ್ಯೆ ಕೂಗಿದ್ದು ವಿಧಾನಸೌಧಕ್ಕೆ ಕೇಳಿಸುತ್ತಾ? ಸರ್ವಿಸ್‌ನಲ್ಲಿದ್ದಾಗ ಈ ಪ್ರಶ್ನೆ ಕೇಳುವ ಹಾಗಿರಲಿಲ್ಲ, ಈಗ ಕೇಳಬಹುದು.

ಇಲ್ಲಿ ಕೋರ್ಟುಗಳು ಈ ವಿಷಯದಲ್ಲಿ ಹಳೇ ಕಾಲದಿಂದಲೂ ಗಟ್ಟಿ. 1882ರ ಒಂದು ಕೇಸಿದೆ. ವೆಸ್ಟನ್-ಸೂಪರ್-ಮೇರ್ ಅನ್ನೋ ಸಮುದ್ರತೀರದ ಊರಿನಲ್ಲಿ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸಂಘದವರು ಭಜನೆ ಮಾಡಿಕೊಂಡು ಮೆರವಣಿಗೆ ಹೋಗೋರು. ಅವರಿಗೆ ಎದುರಾಗಿ 'ಸ್ಕೆಲಿಟನ್ ಆರ್ಮಿ' ಅಂತ ಇನ್ನೊಂದು ಗುಂಪು ಕಟ್ಟಿಕೊಂಡು ಹೊಡೆಯೋಕೆ ಬರೋರು. ಪೊಲೀಸರು ಸುಲಭದ ದಾರಿ ಹಿಡಿದು ಭಜನೆಯವರನ್ನೇ ಹಿಡಿದರು. ಮೇಲಿನ ಕೋರ್ಟು ಒಪ್ಪಲಿಲ್ಲ. ಕಾನೂನುಬದ್ಧ ಕೆಲಸ ಮಾಡುವವನನ್ನು, ಇನ್ನೊಬ್ಬ ರೊಚ್ಚಿಗೇಳ್ತಾನೆ ಅನ್ನೋ ಕಾರಣಕ್ಕೆ ಅಪರಾಧಿ ಮಾಡೋಕಾಗಲ್ಲ ಅಂದಿತು. ಓದಿದಾಗ ನಗು ಬಂತು. ಮೆತ್ತಗಿರೋರನ್ನು ಜೀಪಿಗೆ ಹತ್ತಿಸೋದು ಎಲ್ಲ ಪೊಲೀಸರೂ ಕಲಿತ ಮೊದಲ ಪಾಠ. ನೂರು ಜನ ಹೊಡೆಯೋಕೆ ಬಂದಿದ್ದಾರೆ, ಹತ್ತು ಜನ ಹೊಡೆಸಿಕೊಳ್ಳೋಕೆ ನಿಂತಿದ್ದಾರೆ ಅಂದರೆ, ಹತ್ತು ಜನರನ್ನು ಎತ್ತಾಕಿಕೊಂಡು ಹೋದರೆ ಸಮಸ್ಯೆ ಮುಗಿಯಿತು. ನಾವೂ ಅದನ್ನೇ 'ಮುಂಜಾಗ್ರತೆ' ಅಂತ ಡೈರಿಯಲ್ಲಿ ಬರೆಯುತ್ತಿದ್ದೆವು.

ಎಪ್ಪಿಂಗ್‌ನ ಕಥೆ ಇನ್ನೂ ಚೆನ್ನಾಗಿದೆ. ಮಗಳ ಮನೆಯಿಂದ ದೂರವೇನಲ್ಲ, ಸೆಂಟ್ರಲ್ ಲೈನಿನ ಕೊನೇ ಸ್ಟೇಷನ್. ಲೇಟನ್‌ಸ್ಟೋನ್‌ನಲ್ಲಿ ಬದಲಾಯಿಸಿದರೆ ಆಯಿತು. ಅಲ್ಲಿ ಬೆಲ್ ಹೋಟೆಲ್ ಅಂತ ಇದೆ, ಆಶ್ರಯ ಕೋರಿದವರನ್ನು ಇಟ್ಟಿದ್ದ ಜಾಗ. ಅಲ್ಲಿದ್ದ ಒಬ್ಬನ ಮೇಲೆ ಹುಡುಗಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪ ಬಂತು. ಆಮೇಲೆ ಅದು ಸಾಬೀತೂ ಆಯಿತು. 2025ರ ಜುಲೈನಲ್ಲಿ ಹೋಟೆಲ್ ಮುಂದೆ ಊರವರ ಪ್ರತಿಭಟನೆ ಶುರುವಾಯಿತು. ಅದರೊಳಗೆ ಹೊರಗಿನವರೂ ಸೇರಿಕೊಂಡರು. ಜುಲೈ 17ರಂದು ಎದುರು ಗುಂಪಿನವರು, ಅಂದರೆ ಆಶ್ರಯ ಕೋರಿದವರ ಪರ ಇದ್ದವರು, ರೈಲಿನಲ್ಲಿ ಬಂದು ಇಳಿದರು. ಸ್ಟೇಷನ್‌ನಿಂದ ಹೋಟೆಲ್‌ಗೆ ಊರ ಮಧ್ಯದಿಂದ ನಡೆದು ಹೋಗಬೇಕು. ಆ ಜಿಲ್ಲೆಯ, ಅಂದರೆ ಎಸೆಕ್ಸ್‌ನ, ಪೊಲೀಸರು ಅವರ ಸುತ್ತ ಸಾಲು ಕಟ್ಟಿಕೊಂಡು ಕರೆದೊಯ್ದರು. ವಾಪಸ್ ಹೋಗುವಾಗ ಅಪಾಯ ಅಂತ ಕೆಲವರನ್ನು ಪೊಲೀಸ್ ವ್ಯಾನಿನಲ್ಲಿ ಕಳಿಸಿದರು.

ವ್ಯಾನಿನ ವಿಡಿಯೋ ಎಲ್ಲ ಕಡೆ ಹೋಯಿತು. "ಪೊಲೀಸರೇ ಬಸ್ ಮಾಡಿ ಎದುರಾಳಿಗಳನ್ನು ಕರೆತಂದರು" ಅಂತ ಸುದ್ದಿ. ನೈಜೆಲ್ ಫರಾಜ್ ಅಂಥ ದೊಡ್ಡ ರಾಜಕಾರಣಿಯೇ ಹೇಳಿದರು. ಜಿಲ್ಲೆಯ ಪೊಲೀಸ್ ಮುಖ್ಯಸ್ಥರು, ಅಂದರೆ ಇಲ್ಲಿನ ಚೀಫ್ ಕಾನ್‌ಸ್ಟೆಬಲ್ ಪತ್ರಕರ್ತರ ಮುಂದೆ ನಿಂತು, ನಾವು ಯಾರನ್ನೂ ಬಸ್ಸಿನಲ್ಲಿ ಕರೆತಂದಿಲ್ಲ ಅಂತ ಹೇಳಬೇಕಾಯಿತು. ಯಾರು ಕೇಳ್ತಾರೆ?

ಇದು ನನಗೆ ಲಂಡನ್‌ನ ಲಕ್ಷ ಜನಕ್ಕಿಂತ ಜಾಸ್ತಿ ಹಿಡಿಸಿದ ವಿಷಯ. ಬಂದೋಬಸ್ತಿನಲ್ಲಿ ಪೊಲೀಸರ ಮುಖ ಯಾವ ಕಡೆಗಿದೆ ಅನ್ನೋದನ್ನು ಜನ ನೋಡ್ತಾರೆ. ಚಿಕ್ಕ ಗುಂಪಿನ ಸುತ್ತ ನಿಂತಾಗ ಮುಖ ದೊಡ್ಡ ಗುಂಪಿನ ಕಡೆಗೆ ಇರಲೇಬೇಕು, ಏಟು ಬರೋದು ಅಲ್ಲಿಂದ ತಾನೇ? ದೊಡ್ಡ ಗುಂಪಿನವನಿಗೆ ಕಾಣೋದು, "ನನ್ನನ್ನು ಗುರಾಯಿಸುತ್ತಾರೆ, ಅವರಿಗೆ ಬೆನ್ನು ಕೊಟ್ಟು ಕಾಯ್ತಾರೆ" ಅಂತ. ಬೇರೆ ಕಡೆ ತಿರುಗಿ ನಿಲ್ಲೋಕಾಗಲ್ಲ. ನಮ್ಮಲ್ಲೂ ಒಂದು ವರ್ಷ ಮೆರವಣಿಗೆ ಬಂದೋಬಸ್ತಿನಲ್ಲಿ ಒಂದು ಬೀದಿಯವರು ನಮ್ಮನ್ನು ಒಂದು ಪಕ್ಷದವರು ಅಂದರು, ಮರುವರ್ಷ ಅದೇ ಬೀದಿಯ ಆಚೆ ತುದಿಯವರು ಇನ್ನೊಂದು ಪಕ್ಷದವರು ಅಂದರು. ನಿಂತಿದ್ದವರು ಅದೇ ಪ್ಲಟೂನ್‌ನವರು. ಕೆಎಸ್‌ಆರ್‌ಪಿ ಹುಡುಗರಿಗೆ ಆ ಊರಿನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಮುಂದಿನ ಪ್ರತಿಭಟನೆಗಳಿಗೆ ಎಸೆಕ್ಸ್ ಪೊಲೀಸರು ಷರತ್ತು ಹಾಕಿ ಎರಡು ಗುಂಪಿಗೂ ಬೇರೆಬೇರೆ ಜಾಗ ಗುರುತು ಮಾಡಿಕೊಟ್ಟರು. ಮುಖ ಮುಚ್ಚಿಕೊಂಡವರ ಮುಸುಕು ತೆಗೆಸುವ ಅಧಿಕಾರವನ್ನೂ ಬಳಸಿದರು. ಹೋಟೆಲ್ ಸುತ್ತ ಬೇಲಿ ಬಂತು. ನಾನು ಒಂದು ವಾರದ ದಿನ ಮೊಮ್ಮಗನನ್ನು ಶಾಲೆಗೆ ಬಿಟ್ಟು ಹೋಗಿ ನೋಡಿಬಂದೆ. ಕಬ್ಬಿಣದ ತಾತ್ಕಾಲಿಕ ಬೇಲಿ, ಒಂದು ಪೊಲೀಸ್ ವ್ಯಾನು, ಎದುರಿಗೆ ಹಸಿರು ಬಯಲು, ನಾಯಿ ಓಡಾಡಿಸುವವರು. ರಸ್ತೆಯ ಲೈಟ್ ಕಂಬಗಳಿಗೆಲ್ಲ ಬಾವುಟ. ಇಷ್ಟು ಚಿಕ್ಕ ಊರಿಗೆ ಇಷ್ಟು ಬಂದೋಬಸ್ತು ವಾರವಾರ ಅಂದರೆ, ಆ ಜಿಲ್ಲೆಯ ಬೇರೆ ಠಾಣೆಗಳ ಗತಿ ಏನು ಅಂತ ಯೋಚನೆ ಬಂತು.

ಇವರ ಈ ಎಚ್ಚರಕ್ಕೆ ಹಿಂದಿನ ವರ್ಷದ ಪೆಟ್ಟು ಕಾರಣ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಡ್ಯಾನ್ಸ್ ಕ್ಲಾಸಿಗೆ ನುಗ್ಗಿ ಒಬ್ಬ ಮೂರು ಪುಟ್ಟ ಹುಡುಗಿಯರನ್ನು ಇರಿದು ಕೊಂದ. ಹದಿನೇಳು ವರ್ಷದವನು, ಹುಟ್ಟಿದ್ದು ಬ್ರಿಟನ್ನಿನ ಕಾರ್ಡಿಫ್‌ನಲ್ಲೇ. ಅಪ್ರಾಪ್ತ ಅಂತ ಹೆಸರು ಹೊರಗೆ ಬಿಡಲಿಲ್ಲ. ಆ ಖಾಲಿ ಜಾಗಕ್ಕೆ ಯಾರೋ ಒಂದು ಮುಸ್ಲಿಂ ಹೆಸರು ತುಂಬಿ, ದೋಣಿಯಲ್ಲಿ ಬಂದವನು ಅಂತ ಹಬ್ಬಿಸಿದರು. ಮರುದಿನ ಸಂಜೆಯೇ ಅಲ್ಲಿನ ಮಸೀದಿ ಮುಂದೆ ಗಲಾಟೆ, 50ಕ್ಕೂ ಹೆಚ್ಚು ಪೊಲೀಸರಿಗೆ ಗಾಯ. ಆಗಸ್ಟ್ 1ಕ್ಕೆ ಜಡ್ಜ್ ಹೆಸರು ಬಹಿರಂಗಪಡಿಸೋಕೆ ಬಿಟ್ಟರು, ಅಷ್ಟೊತ್ತಿಗೆ ತಡವಾಗಿತ್ತು. ಆಗಸ್ಟ್ 4ಕ್ಕೆ ರಾಥರಮ್ ಹತ್ತಿರ ಆಶ್ರಯ ಕೋರಿದವರು ಒಳಗಿದ್ದ ಹಾಗೇ ಹೋಟೆಲ್‌ಗೆ ಬೆಂಕಿ ಹಚ್ಚೋಕೆ ನೋಡಿದರು. ಅಲ್ಲೇ 60ಕ್ಕೂ ಜಾಸ್ತಿ ಪೊಲೀಸರಿಗೆ ಪೆಟ್ಟು. ಎದುರು ಗುಂಪು, ಮಧ್ಯದ ದೂರ ಅನ್ನೋ ಲೆಕ್ಕವೆಲ್ಲ ಅಂಥ ಕಡೆ ಬರೋದೇ ಇಲ್ಲ.

ಸುಳ್ಳು ಸುದ್ದಿಯ ಈ ವೇಗ ನನಗೆ ಹೊಸದಲ್ಲ. 2012ರ ಆಗಸ್ಟ್ 15ರ ರಾತ್ರಿ ಬೆಂಗಳೂರು ಸಿಟಿ ರೈಲ್ವೆ ಸ್ಟೇಷನ್‌ನಲ್ಲಿ ನನ್ನ ಡ್ಯೂಟಿ. ಈಶಾನ್ಯದ ಹುಡುಗ ಹುಡುಗಿಯರು, ಸೆಕ್ಯೂರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರಿನವರು, ಹೋಟೆಲ್ ಮಾಣಿಗಳು, ಸಾವಿರಾರು ಜನ ಒಂದೇ ಬ್ಯಾಗ್ ಹಿಡಿದುಕೊಂಡು ಗುವಾಹಟಿ ರೈಲಿಗೆ ಕಾಯುತ್ತಿದ್ದರು. ರಂಜಾನ್ ಹಬ್ಬ ಆದ ಮೇಲೆ ಹೊಡೀತಾರಂತೆ ಅಂತ ಎಸ್ಸೆಮ್ಮೆಸ್. ಯಾರು ಕಳಿಸಿದ್ದು ಅಂದರೆ ಯಾರಿಗೂ ಗೊತ್ತಿಲ್ಲ. ವಿಶೇಷ ರೈಲು ಬಿಟ್ಟರು. ಮಂತ್ರಿಗಳೇ ಬಂದು ಹೋಗಬೇಡಿ ಅಂತ ಕೇಳಿಕೊಂಡರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸುವ ಹಾಗಿಲ್ಲ ಅಂತ ಮಾಡಿತು. ಒಬ್ಬ ಹುಡುಗನಿಗೆ ನಾನು, "ನಾನಿದ್ದೀನಿ, ಯಾರೂ ಮುಟ್ಟಲ್ಲ" ಅಂದೆ. ಅವನು ನನ್ನ ಲಾಠಿ ನೋಡಿ, "ಇವತ್ತು ಇದ್ದೀರಿ ಸಾರ್" ಅಂದ. ರೈಲು ಹತ್ತಿದ.

ಮಗಳಿಗೆ 2024ರ ಆ ವಾರ ಹೇಗಿತ್ತು ಅಂತ ಈಗ ಕೇಳಿದರೆ ಜಾಸ್ತಿ ಹೇಳಲ್ಲ. ಆಗಸ್ಟ್ 7ರಂದು ವಲಸೆ ವಕೀಲರ ಆಫೀಸುಗಳ ಮೇಲೆ ದಾಳಿ ಮಾಡ್ತಾರೆ ಅಂತ ಒಂದು ಪಟ್ಟಿ ಓಡಾಡಿತ್ತು. ಅದರಲ್ಲಿ ಅವಳ ಮನೆಯಿಂದ ಹೆಚ್ಚು ದೂರವಿಲ್ಲದ ವಾಲ್ಥಮ್‌ಸ್ಟೋ ಕೂಡ. ಅಂಗಡಿಗಳು ಮಧ್ಯಾಹ್ನವೇ ಹಲಗೆ ಬಡಿದುಕೊಂಡವು. ದೇಶದಾದ್ಯಂತ 6,000 ತರಬೇತಿ ಪಡೆದ ಗಲಭೆ ಪೊಲೀಸರನ್ನು ಸಿದ್ಧ ಇಟ್ಟಿದ್ದರು. ಸಂಜೆ ವಾಲ್ಥಮ್‌ಸ್ಟೋದ ಹೋ ಸ್ಟ್ರೀಟ್ ತುಂಬ ಸಾವಿರಾರು ಜನ ಸೇರಿದರು, ಎಲ್ಲ ವಲಸಿಗರ ಪರವಾಗಿ ಬಂದವರು. ದಾಳಿ ಮಾಡೋರು ಬರಲೇ ಇಲ್ಲ. "ಅವತ್ತು ಡ್ಯೂಟಿಗೆ ಹೋಗೋವಾಗ ಜೊತೆಗೆ ಕೆಲಸ ಮಾಡೋ ಬಿಳಿ ನರ್ಸು ಕಾರಲ್ಲಿ ಬಂದು ಕರ್ಕೊಂಡು ಹೋದ್ಲು ಅಪ್ಪ" ಅಂತ ಮಾತ್ರ ಅಂದಳು.

ಆದರೆ ಆ ಗಲಾಟೆಯನ್ನು ನಿಲ್ಲಿಸಿದ್ದು 6,000 ಪೊಲೀಸರು, ಬೀದಿಗೆ ಬಂದ ಜನ ಇವೆರಡೇ ಅಂತ ನನಗನಿಸೋದಿಲ್ಲ. ಇನ್ನೊಂದಿದೆ. ಗ್ರೂಪಿನವರು ನಂಬಲಿಕ್ಕಿಲ್ಲ. ಸೌತ್‌ಪೋರ್ಟ್‌ನಲ್ಲಿ ಜುಲೈ 30ಕ್ಕೆ ಪೊಲೀಸರ ಮೇಲೆ ಕೈಮಾಡಿದ ಒಬ್ಬನಿಗೆ ಆಗಸ್ಟ್ 7ಕ್ಕೆ ಮೂರು ವರ್ಷ ಜೈಲು. ತಪ್ಪೊಪ್ಪಿಕೊಂಡ, ಕೋರ್ಟು ಕೂತಿತು, ಶಿಕ್ಷೆ ಆಯಿತು, ಟಿವಿಯಲ್ಲಿ ಮುಖ ಬಂತು. ಕೆಲವೇ ವಾರದಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಲಾಠಿಗೆ ಹೆದರದವನು ಮುಂದಿನ ವಾರದ ಜೈಲಿಗೆ ಹೆದರುತ್ತಾನೆ. ಸೆಪ್ಟೆಂಬರ್ 13ಕ್ಕೂ ಹಾಗೇ. ಲಕ್ಷ ಜನರಲ್ಲಿ ಅವತ್ತು ಹಿಡಿದದ್ದು ಸುಮಾರು 25. ಕಮ್ಮಿ ಆಯಿತು ಅಂತ ಅಳಿಯ ಅಂದರು. ಗುಂಪಿನ ನಡುವೆ ಒಬ್ಬನನ್ನು ಹಿಡಿಯೋಕೆ ನಾಲ್ಕು ಪೊಲೀಸರು ಸಾಲು ಬಿಡಬೇಕು. ಸಾಲು ಬಿಟ್ಟರೆ ಅಲ್ಲಿ ಕಿಂಡಿ. ಅದಕ್ಕೇ ಅವತ್ತು ನಿಂತುಕೊಳ್ಳೋದು, ಆಮೇಲೆ ವಿಡಿಯೋ ನೋಡಿ ಮನೆ ಬಾಗಿಲು ಬಡಿಯೋದು. ಫೋಟೋ ಬಿಡುಗಡೆ ಮಾಡಿ ಇವರು ಯಾರು ಹೇಳಿ ಅಂತ ಕೇಳ್ತಾರೆ.

ನಾವು ಎಫ್‌ಐಆರ್‌ನಲ್ಲಿ ನಾಲ್ಕು ಹೆಸರು ಬರೆದು "ಹಾಗೂ ಇತರೆ 200 ಜನ" ಅಂತ ಸೇರಿಸ್ತೀವಲ್ಲ, ಆ 200ರಲ್ಲಿ ಯಾರು ಬೇಕಾದರೂ ಇರಬಹುದು, ಹಾಗಾಗಿ ಕೊನೆಗೆ ಯಾರೂ ಇರೋದಿಲ್ಲ.

ಅಂದ ಹಾಗೆ ನನ್ನ ಒಂದು ಗಲಾಟೆ ಕೇಸು ಇನ್ನೂ ನಡೀತಿದೆ. ಕಲ್ಲು ಹೊಡೆದವರಲ್ಲಿ ಒಬ್ಬ ಈಗ ಪಂಚಾಯ್ತಿ ಸದಸ್ಯ. ನನಗೆ ಸಾಕ್ಷಿ ಹೇಳೋಕೆ ಮತ್ತೆ ಸಮನ್ಸ್ ಬಂದಿದೆಯಂತೆ. ಪಕ್ಕದ ಮನೆಯವರು ಫೋಟೋ ತೆಗೆದು ಕಳಿಸಿದ್ದಾರೆ. ತಾರೀಕು ನವೆಂಬರ್‌ಗೆ ಇದೆ. ಅಷ್ಟರಲ್ಲಿ ಊರಿಗೆ ಬರ್ತೀವಿ, ಹಳೇ ಕೇಸ್ ಡೈರಿ ಯಾರ ಹತ್ತಿರ ಇದೆ ಅಂತ ಗ್ರೂಪಿನಲ್ಲಿ ಯಾರಾದರೂ ಸ್ವಲ್ಪ ನೋಡಿ ಇಡಿ.